ಟೊಮೆಟೊ ಇಲ್ಲದ ಸಾರು, ಮೆಣಸಿನಕಾಯಿ ಇಲ್ಲದ ಖಾರ

ಕಳೆದ ಆಟಿ ತಿಂಗಳ ಒಂದು ಸಂಜೆ, ಲಾಯಿಲದ ನಮ್ಮ ನೆರೆಮನೆಯ ತಾಯಿಯೊಬ್ಬರು ವೈದ್ಯರ ಚೀಟಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಹೈಸ್ಕೂಲಿನಲ್ಲಿ ಓದುತ್ತಿರುವ ಅವರ ಮಗನಿಗೆ ಊಟವಾದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು ಆರಂಭವಾಗಿತ್ತು. ಒಂದು ತಿಂಗಳ ಕಾಲ ಬದನೆ, ಟೊಮೆಟೊ, ಬಟಾಟೆ, ಮೆಣಸಿನಕಾಯಿ ನಾಲ್ಕನ್ನೂ ಬಿಡಬೇಕು, ಆಮೇಲೆ ಯಾವುದು ಒಗ್ಗುವುದಿಲ್ಲವೆಂದು ಒಂದೊಂದಾಗಿ ನೋಡೋಣ ಎಂಬುದು ವೈದ್ಯರ ಸಲಹೆ. "ಸಾರ್, ನೀವು ಕೃಷಿ ಓದಿದವರು. ಈ ನಾಲ್ಕೂ ಇಲ್ಲದೆ ಅಡುಗೆ ಅಂತ ಒಂದು ಉಂಟಾ?" ಎಂದು ಆಕೆ ಕೇಳಿದರು.

ನಾನು ಉತ್ತರ ಹುಡುಕುತ್ತಿದ್ದಾಗ, ಹಿಂದೆಯೇ ಕೊಡೆ ಮಡಚುತ್ತ ಬಂದ ಅವರ ಅತ್ತೆ ತುಳುವಿನಲ್ಲಿ ಹೇಳಿದ ಮಾತಿನ ಸಾರ ಇಷ್ಟು: "ನಿನ್ನ ಬಾಣಂತನದಲ್ಲಿ ನಲವತ್ತು ದಿನ ನಾನು ನಿನಗೆ ಬಡಿಸಿದ್ದರಲ್ಲಿ ಈ ನಾಲ್ಕರ ಪೈಕಿ ಯಾವುದಿತ್ತು ಹೇಳು?"

ಸೊಸೆ ನಿರುತ್ತರರಾದರು. ನಿಜ ಹೇಳಬೇಕೆಂದರೆ ಡಾಕ್ಟರೇಟ್ ಪಡೆದ ನಾನೂ ನಿರುತ್ತರನಾದೆ. ನಮ್ಮ ಘಟ್ಟದ ತಪ್ಪಲಿನ ಅಡುಗೆಮನೆಗೆ ಗೊತ್ತಿದ್ದ ಒಂದು ವಿದ್ಯೆಯನ್ನು ನಾವು ಎಷ್ಟು ಬೇಗ ಮರೆತಿದ್ದೇವೆ ಎಂಬ ಯೋಚನೆಯೇ ಈ ಲೇಖನಕ್ಕೆ ಕಾರಣ.

ಬದನೆಯ ಬಳಗ

ಮೇಲೆ ಹೇಳಿದ ನಾಲ್ಕೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಸಸ್ಯಶಾಸ್ತ್ರದಲ್ಲಿ ಅದನ್ನು ಸೊಲನೇಸಿ ಎನ್ನುತ್ತಾರೆ, ನಾವು ಬದನೆ ಕುಟುಂಬವೆನ್ನೋಣ. ದೊಣ್ಣೆಮೆಣಸು, ಬೇಲಿಬದಿಯ ಗಣಿಕೆ ಸೊಪ್ಪು, ಸುಂಡೆಕಾಯಿ, ಅಶ್ವಗಂಧ, ಉಮ್ಮತ್ತ ಎಲ್ಲವೂ ಇದೇ ಬಳಗ. ಎಲೆಯಡಿಕೆಯೊಂದಿಗೆ ನಾವು ಜಗಿಯುವ ಹೊಗೆಸೊಪ್ಪೂ ಇದೇ ಮನೆತನದ್ದು. ಈ ಕುಟುಂಬದಲ್ಲಿ ಯಾವುದನ್ನಾದರೂ ಎಲ್ಲರೂ ಬಿಡಲೇಬೇಕು ಎಂದಿದ್ದರೆ ಅದು ಬಟಾಟೆಯಲ್ಲ, ಹೊಗೆಸೊಪ್ಪು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮಾತು. ಹೆಸರು ನೋಡಿ ನೆಂಟಸ್ತನ ಹೇಳಬಾರದು. ಕಾಳುಮೆಣಸಿಗೂ ಮೆಣಸಿನಕಾಯಿಗೂ ಯಾವ ರಕ್ತಸಂಬಂಧವೂ ಇಲ್ಲ. ಕಾಳುಮೆಣಸು ವೀಳ್ಯದೆಲೆಯ ಕುಟುಂಬದ್ದು. ಗೆಣಸು ಬಟಾಟೆಯ ತಮ್ಮನಂತೆ ಕಂಡರೂ ಬೇರೆಯೇ ಕುಟುಂಬದ ಬಳ್ಳಿ. ಆದ್ದರಿಂದ ಬದನೆ ಬಳಗವನ್ನು ಬಿಟ್ಟವರು ಇವೆರಡನ್ನೂ ಧಾರಾಳವಾಗಿ ಬಳಸಬಹುದು. ಅಂಗಡಿಯ ಸಿದ್ಧ ಮಸಾಲೆ ಪುಡಿ, ಸಾಸ್, ಚಿಪ್ಸ್‌ಗಳಲ್ಲಿ ಮಾತ್ರ ಇದೇ ಬಳಗ ಅಡಗಿ ಕೂತಿರುತ್ತದೆ ಎಂಬ ಎಚ್ಚರ ಇರಲಿ.

ಈ ತರಕಾರಿಗಳು ವಿಷ, ಕೀಲುನೋವಿಗೆ ಇವೇ ಮೂಲ ಎಂಬ ಮಾತು ಇತ್ತೀಚೆಗೆ ಊರೂರಿಗೆ ಹಬ್ಬುತ್ತಿದೆ. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಅದನ್ನು ಒಪ್ಪಲಾರೆ. ಹಸಿರು ತಿರುಗಿದ, ಮೊಳಕೆಯೊಡೆದ ಬಟಾಟೆಯಲ್ಲಿ ಸೊಲನಿನ್ ಎಂಬ ವಿಷಾಂಶ ಹೆಚ್ಚುವುದು ನಿಜ. ಬೇಯಿಸಿದರೂ ಅದು ಹೆಚ್ಚೇನೂ ನಾಶವಾಗದು. ಅಂಥ ಭಾಗವನ್ನು ಎಸೆಯಲೇಬೇಕು. ಆದರೆ ಸರಿಯಾಗಿ ಶೇಖರಿಸಿದ ಬಟಾಟೆಯಲ್ಲಿ ಅದರ ಪ್ರಮಾಣ 100 ಗ್ರಾಮಿಗೆ 20 ಮಿಲಿಗ್ರಾಮಿನ ಸುರಕ್ಷಿತ ಮಿತಿಗಿಂತ ಕೆಳಗೇ ಇರುತ್ತದೆ. ಬದನೆ, ಟೊಮೆಟೊ ತಿಂದರೆ ಎಲ್ಲರಿಗೂ ಸಂಧಿವಾತ ಬರುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕೆಲವರ ದೇಹಕ್ಕೆ ಕೆಲವು ಒಗ್ಗುವುದಿಲ್ಲ, ಅಷ್ಟೆ. ಅಂಥವರಿಗೆ ಬದಲಿ ಬೇಕು. ನನ್ನ ವಾದ ಇನ್ನೂ ಒಂದು ಹೆಜ್ಜೆ ಮುಂದಿನದು: ಒಗ್ಗದವರಿಗೆ ಮಾತ್ರವಲ್ಲ, ನಮ್ಮೆಲ್ಲರ ಅಡುಗೆಮನೆಗೂ ಈ ಬದಲಿಗಳ ತಿಳಿವಳಿಕೆ ಬೇಕು.

ಬಂದವರು ಯಾರು, ಇದ್ದವರು ಯಾರು

1498ರಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದಿಳಿಯುವ ಮುನ್ನ ಈ ನಾಡಿನಲ್ಲಿ ಮೆಣಸಿನಕಾಯಿ ಇರಲಿಲ್ಲ, ಬಟಾಟೆ ಇರಲಿಲ್ಲ, ಟೊಮೆಟೊ ಇರಲಿಲ್ಲ. ಮೂರೂ ಅಮೆರಿಕ ಖಂಡದ ಮೂಲದವು. ನಮ್ಮ ಜಿಲ್ಲೆಯವರ ನಾಲಗೆಯ ಮೇಲಿರುವ 'ಬಟಾಟೆ' ಎಂಬ ಪದವೇ ಪೋರ್ಚುಗೀಸರದು. 'ಮೆಣಸು' ಎಂದರೆ ಮೊದಲು ಕಾಳುಮೆಣಸೇ. ಹೊಸದಾಗಿ ಬಂದ ಕಾಯಿಯು ಆ ಹೆಸರನ್ನು ತನ್ನದಾಗಿಸಿಕೊಂಡಿತು, ಹಳೆಯದಕ್ಕೆ ಒಂದು ವಿಶೇಷಣ ಸೇರಿಸಬೇಕಾಯಿತು. ಹಾಗೆಂದೇ ನಾವು ಕಾಳುಮೆಣಸನ್ನು 'ಒಳ್ಳೆಮೆಣಸು' ಎನ್ನುತ್ತೇವೆ, ತುಳುವಿನಲ್ಲಿ 'ಎಡ್ಡೆ ಮುಂಚಿ' ಎನ್ನುತ್ತೇವೆ. ಹೊಸದನ್ನು ಒಪ್ಪಿಕೊಂಡರೂ ಯಾವುದು ಒಳ್ಳೆಯದು ಎಂಬ ತೀರ್ಪನ್ನು ಹಿರಿಯರು ಭಾಷೆಯೊಳಗೇ ಉಳಿಸಿದ್ದಾರೆ.

ಬದನೆಯ ಕಥೆ ಬೇರೆ. ಅದು ನಮ್ಮ ಭೂಭಾಗದ್ದೇ. ಶ್ರಾದ್ಧದ ಅಡುಗೆಯಲ್ಲಿ, ಉಡುಪಿಯ ಮಠಗಳ ವ್ರತದ ಅಡುಗೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಬಟಾಟೆಗಳಿಗೆ ಪ್ರವೇಶವಿಲ್ಲ, ಖಾರಕ್ಕೆ ಕಾಳುಮೆಣಸು. ಆದರೆ ಅದೇ ಉಡುಪಿಯಲ್ಲಿ, ವಾದಿರಾಜರ ಹೆಸರಿನೊಂದಿಗೆ ಬೆಸೆದುಕೊಂಡ ಮಟ್ಟುಗುಳ್ಳಕ್ಕೆ ಗೌರವದ ಸ್ಥಾನವಿದೆ. ಆ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಎಂದರೆ ಆ ಅಡುಗೆ ಕುಟುಂಬ ನೋಡಿ ಬಹಿಷ್ಕರಿಸಿದ್ದಲ್ಲ. ಹೊರಗಿನಿಂದ ಬಂದದ್ದನ್ನು ಹೊರಗಿಟ್ಟಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಿಟಿ ಬದನೆಗಾಗಿ ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತೆಂಬುದನ್ನು, 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರವು ಬಿಟಿ ಬದನೆಗೆ ತಡೆ ಹಾಕುವವರೆಗೆ ನಡೆದ ಚಳವಳಿಯನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ. ಗುಳ್ಳವನ್ನು ಉಳಿಸಲು ದನಿಯೆತ್ತಿದ ನಾವು ಇಂದು ಬದನೆಯ ವೈರಿಗಳಾಗುವುದು ಸಾಧ್ಯವಿಲ್ಲ.

ಇಲ್ಲೊಂದು ಎಚ್ಚರದ ಮಾತು ಅವಶ್ಯ. ಮೆಣಸಿನಕಾಯಿ ಇಲ್ಲದ ಅಡುಗೆ ಎಂದೊಡನೆ ಮಡಿ-ಮೈಲಿಗೆಯ ಅಡುಗೆ ಎಂದು ಮುಖ ತಿರುಗಿಸುವವರಿದ್ದಾರೆ. ಅವರ ಸಂಶಯ ಸಕಾರಣವಾದದ್ದು. ಪಂಕ್ತಿಭೇದದ ನೆನಪುಗಳನ್ನು ಹೊತ್ತ ಅಡುಗೆಯನ್ನು 'ಪರಂಪರೆ'ಯ ಹೆಸರಿನಲ್ಲಿ ಯಾರೂ ನಮ್ಮ ಮೇಲೆ ಹೇರಕೂಡದು. ಆದರೆ ಬಾಣಂತಿಗೆ ಒಳ್ಳೆಮೆಣಸು, ಬೆಳ್ಳುಳ್ಳಿಯ ಸಾರು ಕೊಡುವ ಪದ್ಧತಿ ಎಲ್ಲ ಜಾತಿಗಳ ಮನೆಯಲ್ಲೂ ಉಂಟು. ಕಣಿಲೆ, ಅಣಬೆ, ಕಾಡುಗೆಡ್ಡೆಗಳ ಬಗ್ಗೆ ಕುದುರೆಮುಖದ ಬುಡದ ಮಲೆಕುಡಿಯರಿಗೆ ಇರುವ ತಿಳಿವಳಿಕೆ ಯಾವ ಮಠದ ಪಾಕಶಾಲೆಗೂ ಇಲ್ಲ. ಈ ಜ್ಞಾನ ಒಂದು ಪಂಗಡದ ಸೊತ್ತಲ್ಲ, ಈ ಮಳೆ ಮತ್ತು ಈ ಮಣ್ಣಿನ ಸೊತ್ತು.

ಯಾವುದಕ್ಕೆ ಯಾವುದು

ಬದಲಿ ಹುಡುಕುವಾಗ ತರಕಾರಿಯ ಹೆಸರನ್ನಲ್ಲ, ಅದು ಪಾತ್ರೆಯೊಳಗೆ ಮಾಡುವ ಕೆಲಸವನ್ನು ನೋಡಬೇಕು. ಟೊಮೆಟೊ ಹುಳಿ ಕೊಡುತ್ತದೆ, ಮಂದ ಕೊಡುತ್ತದೆ, ಬಣ್ಣ ಕೊಡುತ್ತದೆ. ಈ ಮೂರು ಕೆಲಸಕ್ಕೆ ಮೂವರು ಬೇರೆ ಬೇರೆ ಆಳುಗಳು ನಮ್ಮಲ್ಲಿದ್ದಾರೆ.

ಹುಳಿಗೆ ಮೊದಲ ಹೆಸರು ಪುನರ್ಪುಳಿ. ಎಂಟು ಹತ್ತು ಒಣಸಿಪ್ಪೆಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಕಿವುಚಿ, ಕುದಿಸಿ, ಉಪ್ಪು, ಚೂರು ಬೆಲ್ಲ, ಜೀರಿಗೆ, ಒಳ್ಳೆಮೆಣಸಿನ ಪುಡಿ ಹಾಕಿ, ತುಪ್ಪದಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ನಾಲ್ಕು ಜನರ ಸಾರು ಸಿದ್ಧ. ಬಣ್ಣವೂ ಉಚಿತ. ಮಳೆಗಾಲದಲ್ಲಿ ಉಪ್ಪುನೀರಿನ ಅಂಬಟೆ, ಬೇಸಿಗೆಯಲ್ಲಿ ಕಾಟುಮಾವು, ಚಳಿಗಾಲದಲ್ಲಿ ನೆಲ್ಲಿಕಾಯಿ, ವರ್ಷವಿಡೀ ಹುಣಸೆ ಮತ್ತು ಮಜ್ಜಿಗೆ. ಟೊಮೆಟೊದಿಂದ ಬರುವ ಸಿ ಜೀವಸತ್ವದ ಚಿಂತೆ ಇದ್ದವರಿಗೆ ನೆಲ್ಲಿಯೊಂದೇ ಸಾಕು, ಆ ವಿಷಯದಲ್ಲಿ ಟೊಮೆಟೊ ಅದರ ಹತ್ತಿರಕ್ಕೂ ಬಾರದು. ಬಿಂಬುಳಿ, ದಾರೆಹುಳಿಗಳೂ ಒಳ್ಳೆಯ ಹುಳಿಗಳೇ. ಆದರೆ ಇವೆರಡರಲ್ಲಿ ಆಕ್ಸಾಲಿಕ್ ಆಮ್ಲ ಅಧಿಕ. ಮೂತ್ರಪಿಂಡದ ತೊಂದರೆ ಇರುವವರು ಇವನ್ನು ಮುಟ್ಟಬಾರದು, ಆರೋಗ್ಯವಂತರೂ ರಸ ಹಿಂಡಿ ಲೋಟಗಟ್ಟಲೆ ಕುಡಿಯಬಾರದು. ಹಿತ್ತಿಲಲ್ಲಿ ಬೆಳೆದದ್ದೆಲ್ಲ ನಿರಪಾಯವೆಂದು ತಿಳಿಯುವುದು ಇನ್ನೊಂದು ಬಗೆಯ ಮೂಢನಂಬಿಕೆ.

ಮಂದಕ್ಕೆ ಸಿಹಿಗುಂಬಳವನ್ನು ಬೇಯಿಸಿ ಅರೆದು ಪುನರ್ಪುಳಿಯ ನೀರು ಸೇರಿಸಿದರೆ, ಟೊಮೆಟೊ ಗಸಿಯ ಸಿಹಿ-ಹುಳಿಗೆ ಬಹಳ ಸಮೀಪದ ರುಚಿ ಬರುತ್ತದೆ. ಸಿಹಿಗುಂಬಳವೂ ಅಮೆರಿಕದಿಂದಲೇ ಬಂದದ್ದು, ಆದರೆ ಬದನೆ ಬಳಗದ್ದಲ್ಲ. ಮರಗೆಣಸು, ಪಪ್ಪಾಯಿ, ಅನಾನಸು, ಗೇರು ಎಲ್ಲವೂ ಹಾಗೆ ಬಂದು ನಮ್ಮವರಾದವು. ನಮ್ಮ ಮಣ್ಣಿನಲ್ಲಿ ಸುಖವಾಗಿ ಬೆಳೆಯುವ ಅತಿಥಿಯ ಬಗ್ಗೆ ನನಗೆ ತಕರಾರಿಲ್ಲ.

ಬಟಾಟೆಯ ಜಾಗಕ್ಕೆ ಬಾಳೆಕಾಯಿ, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ, ಜೀಗುಜ್ಜೆ, ಎಳೆಯ ಹಲಸಿನ ಗುಜ್ಜೆ, ಹಲಸಿನ ಬೀಜ. ಬಾಳೆಕಾಯಿಯನ್ನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ. ಬೇಯಿಸಿ ಸಣ್ಣಗೆ ಹಿಸುಕಿ, ಶುಂಠಿ, ಅರಸಿನ, ಸಾಸಿವೆಯ ಒಗ್ಗರಣೆ ಹಾಕಿದರೆ ಮಸಾಲೆದೋಸೆಯ ಒಳಗಿಡಲು ಬೇರೇನೂ ಬೇಡ. ಸುವರ್ಣಗೆಡ್ಡೆ, ಕೆಸುವಿನ ತುರಿಕೆಗೆ ಕಾರಣ ಅವುಗಳಲ್ಲಿರುವ ಸೂಜಿಯಾಕಾರದ ಹರಳುಗಳು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ಹಳೆಯ ಕ್ರಮವೇ ಅದಕ್ಕೆ ಮದ್ದು. ಮರಗೆಣಸನ್ನು ಸಿಪ್ಪೆ ತೆಗೆದು ಬೇಯಿಸಿ ನೀರನ್ನು ಚೆಲ್ಲಲೇಬೇಕು.

ಇವೆಲ್ಲಕ್ಕಿಂತ ಬಟಾಟೆಗೆ ಸರಿಜೋಡಿ ಎಂದರೆ ನಮ್ಮ ಸಾಂಬ್ರಾಣಿ ಗೆಡ್ಡೆ. ತುಳಸಿಯ ಕುಟುಂಬದ ಈ ಪುಟ್ಟ ಗೆಡ್ಡೆಯನ್ನು ಮಳೆಗಾಲದಲ್ಲಿ ನೆಟ್ಟರೆ ಚಳಿಗಾಲಕ್ಕೆ ಅಗೆಯಬಹುದು. ಸಿಪ್ಪೆ ಸುಲಿಯುವ ರಗಳೆಗೆ ಹೆದರಿ ಜನ ಬಿಟ್ಟಿದ್ದಾರೆ. ಗೋಣಿಚೀಲದಲ್ಲಿ ಹಾಕಿ ಕಲ್ಲಿಗೆ ನಾಲ್ಕು ಬಾರಿ ಬಡಿದರೆ ಸಿಪ್ಪೆ ತಾನಾಗಿ ಬಿಡುತ್ತದೆಂದು ಹೇಳಿಕೊಡಲು ಮನೆಯಲ್ಲಿ ಅಜ್ಜಿ ಇರಬೇಕು, ಅಷ್ಟೆ.

ಬದನೆಯ ಕೊದ್ದೆಲಿಗೆ ತೊಂಡೆ, ಹೀರೆ, ಬಣ್ಣದ ಸೌತೆ. ಕೆಂಡದಲ್ಲಿ ಸುಟ್ಟ ಬದನೆಯ ಗೊಜ್ಜಿಗೆ ಬದಲು ಜೀಗುಜ್ಜೆಯನ್ನು ಇಡಿಯಾಗಿ ಸುಟ್ಟು, ಹಿಸುಕಿ, ಮೊಸರು ಬೆರೆಸಿ ನೋಡಿ.

ಉಳಿದದ್ದು ಖಾರ. ಒಳ್ಳೆಮೆಣಸು, ಶುಂಠಿ, ಸಾಸಿವೆ, ಹಿಪ್ಪಲಿ ಇವು ನಾಲ್ಕು ಬಗೆಯ ಖಾರ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್‌ನಿಂದ, ಒಳ್ಳೆಮೆಣಸಿನದು ಪಿಪರಿನ್‌ನಿಂದ. ಒಳ್ಳೆಮೆಣಸನ್ನು ತುಂಬ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಆದ್ದರಿಂದ ಅರ್ಧವನ್ನು ಮಸಾಲೆಯೊಂದಿಗೆ ಅರೆದು, ಇನ್ನರ್ಧವನ್ನು ಇಳಿಸುವ ಹೊತ್ತಿಗೆ ಕುಟ್ಟಿ ಹಾಕಬೇಕು. ಬಂಗುಡೆಯ ಕೆಂಪು ಗಸಿಯನ್ನು ಮಾತ್ರ ಬ್ಯಾಡಗಿಯ ಮೆಣಸಿಲ್ಲದೆ ಮಾಡಲಾಗದು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಒಳ್ಳೆಮೆಣಸು, ಬೆಳ್ಳುಳ್ಳಿ, ಪುನರ್ಪುಳಿಯ ಮೀನುಸಾರು ಬೇರೆಯೇ ಪದಾರ್ಥ. ಅದನ್ನು ನಕಲೆಂದು ಉಣ್ಣದೆ ಅದರದೇ ರುಚಿಗೆ ಉಣ್ಣಬೇಕು.

ನನ್ನ ಒಂದು ತಪ್ಪು

2012ರಲ್ಲಿ, ಓದು ಮುಗಿಸಿ ಹೊಸ ಹುರುಪಿನಲ್ಲಿದ್ದ ನಾನು, ನಮ್ಮ ತಾಲೂಕಿನ ಒಂದು ಕುಟುಂಬಕ್ಕೆ ಮನೆಯಂಗಳದ ಗದ್ದೆಯಲ್ಲಿ ಟೊಮೆಟೊ ಬೆಳೆಯಲು ಉತ್ತೇಜನ ಕೊಟ್ಟೆ. ಗಿಡಗಳು ಹೂ ಬಿಡುವವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ನಾಲ್ಕು ಗಿಡ ಸೊರಗಿದವು. ಎಲೆ ಹಳದಿಯಾಗಲಿಲ್ಲ, ಹಸಿರಾಗಿಯೇ ಜೋತುಬಿದ್ದವು. ಹತ್ತು ದಿನಗಳಲ್ಲಿ ಸಾಲಿಗೆ ಸಾಲೇ ಹೋಯಿತು. ನಾನು ಒಂದರ ಮೇಲೊಂದು ಔಷಧಿ ಬರೆದುಕೊಟ್ಟೆ, ಅವರು ಸಾಲ ಮಾಡಿ ತಂದು ಹೊಡೆದರು. ಕೊನೆಗೆ ಆ ಮನೆಯ ಅಕ್ಕ ನನ್ನನ್ನು ಕೇಳಿದರು: "ಸಾರ್, ನಮ್ಮ ಹಿತ್ತಿಲಲ್ಲಿ ಪುನರ್ಪುಳಿ ಮರ ಉಂಟಲ್ಲ, ಮತ್ತೆ ಇಷ್ಟು ಔಷಧಿ ಹೊಡೆದು ನಾವು ಹುಳಿ ಬೆಳೆಸುವುದು ಯಾಕೆ?"

ಅದು ರಾಲ್‌ಸ್ಟೋನಿಯ ಎಂಬ ದುಂಡಾಣುವಿನಿಂದ ಬರುವ ಸೊರಗು ರೋಗ. ಬಿಸಿ, ತೇವ, ಆಮ್ಲೀಯ ಜಂಬಿಟ್ಟಿಗೆ ಮಣ್ಣು ಇರುವ ನಮ್ಮಂಥ ಪ್ರದೇಶ ಅದಕ್ಕೆ ತವರುಮನೆ. ಟೊಮೆಟೊ, ಬದನೆ, ಮೆಣಸು, ಬಟಾಟೆ ನಾಲ್ಕನ್ನೂ ಅದು ಬಾಧಿಸುತ್ತದೆ, ಶುಂಠಿಯನ್ನೂ ಬಿಡದು. ಒಮ್ಮೆ ಮಣ್ಣಿಗಿಳಿದರೆ ವರ್ಷಗಟ್ಟಲೆ ಉಳಿಯುತ್ತದೆ. ಎಲೆಗೆ ಹೊಡೆಯುವ ಯಾವ ಔಷಧಿಯೂ ಬೇರಿನೊಳಗಿನ ಈ ದುಂಡಾಣುವನ್ನು ತಲುಪದು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಇದೇ ರೋಗ.

ಬೆಳೆಯಲೇಬೇಕೆಂದವರಿಗೆ ದಾರಿಯಿಲ್ಲವೆಂದಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಎಂಬ ಟೊಮೆಟೊ ತಳಿಗಳು ಈ ರೋಗವನ್ನು ತಡೆದುಕೊಳ್ಳುತ್ತವೆ. ಸುಂಡೆ ಜಾತಿಯ ಕಾಡುಬದನೆಯ ಬೇರಿಗೆ ಕಸಿ ಕಟ್ಟಿಯೂ ಬೆಳೆಯಬಹುದು. ಬದನೆ ಬಳಗದ ಒಂದು ಬೆಳೆಯ ಬೆನ್ನಿಗೆ ಅದೇ ಬಳಗದ ಇನ್ನೊಂದನ್ನು ಅದೇ ಜಾಗದಲ್ಲಿ ಹಾಕಬಾರದು. ಆದರೆ ಈ ಮಣ್ಣು ಒಪ್ಪದ ಬೆಳೆಯನ್ನು ಔಷಧಿಯ ಬಲದಿಂದ ಒಪ್ಪಿಸಲು ಹೊರಟದ್ದು ನನ್ನ ತಪ್ಪು. ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರುತೋಪಿಗೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ಇಂದಿಗೂ ಹೊತ್ತಿರುವ ಈ ತಾಲೂಕಿನಲ್ಲಿ ನನಗೆ ಅಷ್ಟು ವಿವೇಕ ಇರಬೇಕಿತ್ತು.

ಘಟ್ಟ ಇಳಿದು ಬರುವ ಊಟ

ನಾವು ಬೆಳೆಯದ್ದನ್ನು ನಿತ್ಯ ಉಣ್ಣುವೆವೆಂದರೆ ಅದು ಎಲ್ಲಿಂದಲೋ ಬರಬೇಕು. ಕೋಲಾರದ ಟೊಮೆಟೊ, ಹಾಸನದ ಬಟಾಟೆ ಲಾರಿಗಳಲ್ಲಿ ಘಟ್ಟ ಇಳಿಯುತ್ತವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡಗಳು ಸಾಲಾಗಿ ಕುಸಿದವು. ಘನ ವಾಹನಗಳಿಗೆ ಆ ದಾರಿ ತಿಂಗಳುಗಟ್ಟಲೆ ಮುಚ್ಚಿತು. ಮಳೆ ಜೋರಾದ ವರ್ಷಗಳಲ್ಲಿ ಶಿರಾಡಿಯದೂ ಇದೇ ಕಥೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಪೇಟೆಯಲ್ಲಿ ಜನ ಒಂದೆರಡು ಹಣ್ಣು ಎಣಿಸಿ ಕೊಂಡರು. ಅದೇ ವರ್ಷದ ಬೇಸಿಗೆಯಲ್ಲಿ ಪುನರ್ಪುಳಿಯ ಹಣ್ಣು ಎಷ್ಟೋ ತೋಟಗಳಲ್ಲಿ ಹೆಕ್ಕುವವರಿಲ್ಲದೆ ಉದುರಿ ಕೊಳೆತದ್ದನ್ನು ನಾನು ಕಂಡಿದ್ದೆ.

ಬಯಲುಸೀಮೆಯ ರೈತನ ಟೊಮೆಟೊವನ್ನು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಲೆ ಕುಸಿದಾಗ ಬೆಳೆಯನ್ನು ರಸ್ತೆಗೆ ಸುರಿಯುವ ಆತನೂ ನಮ್ಮ ಹಾಗೆಯೇ ಸೋತವನು. ನನ್ನ ಮಾತು ಇಷ್ಟೆ: ಕೊಳ್ಳುವುದು ಆಯ್ಕೆಯಾಗಿರಲಿ, ಅನಿವಾರ್ಯವಾಗದಿರಲಿ.

ಆ ಆಯ್ಕೆ ನಮ್ಮ ಕಣ್ಣೆದುರೇ ಕ್ಷೀಣಿಸುತ್ತಿದೆ. ಗುಡ್ಡದ ಪುನರ್ಪುಳಿ, ಕಾಟುಮಾವುಗಳು ರಬ್ಬರಿಗೆ ದಾರಿ ಬಿಟ್ಟವು. ಹೆದ್ದಾರಿ ಅಗಲವಾದಂತೆ ರಸ್ತೆಬದಿಯ ಮರಗಳು ಉರುಳಿದವು. ಅಡಿಕೆತೋಟದ ಬುಡಕ್ಕೆ ಕಳೆನಾಶಕ ಬಿದ್ದಾಗ ತಿಮರೆ, ತೊಜಂಕುಗಳು ಕಳೆಯ ಲೆಕ್ಕದಲ್ಲಿ ಸತ್ತವು. ಈಗ 'ಆಟಿಡೊಂಜಿ ದಿನ'ದಂದು ವೇದಿಕೆಯ ಮೇಲೆ ಪತ್ರೊಡೆ, ತೊಜಂಕಿನ ವಡೆ ಜೋಡಿಸಿ ಫೋಟೊ ತೆಗೆಯುತ್ತೇವೆ, ಉಳಿದ 364 ದಿನ ಟೊಮೆಟೊ ಸಾರು ಉಣ್ಣುತ್ತೇವೆ. ವರ್ಷಕ್ಕೊಮ್ಮೆ ಪ್ರದರ್ಶನಕ್ಕಿಡುವ ಅಡುಗೆ ಬದುಕಿರುವ ಅಡುಗೆಯಲ್ಲ.

ಮಾಡಬಹುದಾದದ್ದು

ಒಂದು, ಪ್ರತಿ ಮನೆಯೂ ಒಂದು ಹುಳಿಯ ಮರ ನೆಡಲಿ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಮಾಡಿದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗಿ, ಏಳೆಂಟು ವರ್ಷ ಕಾದವರಿಗೆ ನಿರಾಸೆಯಾಗುತ್ತದೆ. ಆದ್ದರಿಂದ ಹೆಣ್ಣು ಮರದ ಕಸಿಸಸಿಯನ್ನೇ ಕೇಳಿ ತನ್ನಿ. ಪಂಚಾಯತಿನ ನರ್ಸರಿಯಲ್ಲಿ ಅಕೇಶಿಯದ ಬದಲು ಅಂಥ ಸಸಿ ಬೆಳೆಸಲು ಗ್ರಾಮಸಭೆಯಲ್ಲಿ ಒತ್ತಾಯಿಸಿ.

ಎರಡು, ಶಾಲೆಯ ಕೈತೋಟದಲ್ಲಿ ಬಸಳೆ, ತೊಂಡೆ, ಹರಿವೆ, ಸಾಂಬ್ರಾಣಿ ಬೆಳೆದು ಬಿಸಿಯೂಟದ ಸಾಂಬಾರಿಗೆ ಹಾಕಲಿ. ಒಗ್ಗದ ಮಗು ಬೇರೆ ತಟ್ಟೆ ಹಿಡಿದು ದೂರ ಕೂರಬೇಕಾದ ಪ್ರಸಂಗವೇ ಬಾರದು.

ಮೂರು, ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಊರಿನ ಹತ್ತು ಅಜ್ಜಿಯರನ್ನು ಮಾತನಾಡಿಸಿ. ಯಾವ ತಿಂಗಳಲ್ಲಿ ಯಾವ ಹುಳಿ, ಯಾವ ಗೆಡ್ಡೆಗೆ ಯಾವ ಮದ್ದು ಎಂದು ಬರೆದುಕೊಳ್ಳಿ. ಎಲ್ಲ ಜಾತಿಯ, ಎಲ್ಲ ಮತದ ಮನೆಗಳಿಗೂ ಹೋಗಿ. ಈ ಪತ್ರಿಕೆಯ ಪುಟಗಳು ಆ ಬರಹಗಳಿಗೆ ತೆರೆದಿರಲಿ.

ನೆರೆಮನೆಯ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ತಿಂಗಳ ಬಳಿಕ ವೈದ್ಯರ ಎದುರಿನಲ್ಲೇ ಒಂದೊಂದಾಗಿ ಕೊಟ್ಟು ನೋಡಿದಾಗ ಅವನಿಗೆ ಒಗ್ಗದ್ದು ಬದನೆಯೊಂದೇ ಎಂದು ತಿಳಿಯಿತು. ತುಟಿ, ನಾಲಗೆ ಊದುವ ಒಗ್ಗದಿರುವಿಕೆ ಪ್ರಾಣಕ್ಕೂ ಎರವಾಗಬಹುದು. ಇಂಥ ಪರೀಕ್ಷೆಯನ್ನು ಯಾರೂ ಮನೆಯಲ್ಲಿ ತಾವಾಗಿ ಮಾಡಕೂಡದು. ಟೊಮೆಟೊ, ಬಟಾಟೆ, ಮೆಣಸು ಮತ್ತೆ ಅವರ ಮನೆಗೆ ಬಂದಿವೆ. ಆದರೆ ವಾರದಲ್ಲಿ ಮೂರು ದಿನ ಪುನರ್ಪುಳಿ ಸಾರು ಉಳಿದುಕೊಂಡಿದೆ. ಹುಡುಗ ಕೇಳಿ ಹಾಕಿಸಿಕೊಳ್ಳುತ್ತಾನಂತೆ. ಸಿಪ್ಪೆ ಸಾಲದಾಯಿತೆಂದು ಈ ಬೇಸಿಗೆಯಲ್ಲಿ ಅತ್ತೆ-ಸೊಸೆ ಇಬ್ಬರೂ ಬುಟ್ಟಿ ಹಿಡಿದು ನಮ್ಮ ಮರದ ಬುಡಕ್ಕೆ ಬಂದಿದ್ದರು.